‘ಶಾಂತಿಯುತ’ ಎಂಬ ವಿಶೇಷಣ

1948ರ ಏಪ್ರಿಲ್ 6ರಂದು ದೆಹಲಿಯಲ್ಲಿ, ಶಾಸನಸಭೆಯಾಗಿಯೂ ಕೆಲಸ ಮಾಡುತ್ತಿದ್ದ ಸಂವಿಧಾನ ರಚನಾ ಸಭೆಯ ಮುಂದೆ ಪ್ರಧಾನಿ ನೆಹರೂ ಅಣುಶಕ್ತಿ ಮಸೂದೆಯನ್ನು ತಂದರು. ಗಾಂಧೀಜಿಯವರ ಹತ್ಯೆಯಾಗಿ ಇನ್ನೂ ಹತ್ತು ವಾರ ಕಳೆದಿರಲಿಲ್ಲ. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ಹೈದರಾಬಾದಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಇಂಥ ದಿನಗಳಲ್ಲಿ ಅಣುವಿನ ಕುರಿತ ಮಸೂದೆಯೊಂದು ಸಭೆಯ ಬಹುಪಾಲು ಸದಸ್ಯರಿಗೆ ದೂರದ ವಿಜ್ಞಾನದ ವಿಷಯವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಮೈಸೂರು ಸಂಸ್ಥಾನದಿಂದ ಬಂದಿದ್ದ ಸದಸ್ಯರೊಬ್ಬರು ಮಸೂದೆಯನ್ನು ಅಕ್ಷರಶಃ ಓದಿಕೊಂಡು ಬಂದಿದ್ದರು. ಅವರು ಎಸ್. ವಿ. ಕೃಷ್ಣಮೂರ್ತಿ ರಾವ್. ಮುಂದೆ ರಾಜ್ಯಸಭೆಯ ಉಪಸಭಾಪತಿಯಾಗಿ, ಆಮೇಲೆ ಶಿವಮೊಗ್ಗದಿಂದ ಗೆದ್ದು ಲೋಕಸಭೆಯ ಉಪಾಧ್ಯಕ್ಷರಾಗಿ ದುಡಿದವರು. ಬ್ರಿಟನ್ನಿನ ಮತ್ತು ಅಮೆರಿಕದ ಅಣುಶಕ್ತಿ ಶಾಸನಗಳನ್ನು ನಮ್ಮ ಮಸೂದೆಯ ಪಕ್ಕದಲ್ಲಿಟ್ಟು ಹೋಲಿಸಿ, ಅವರು ಒಂದು ಸರಳವಾದ ಪ್ರಶ್ನೆ ಕೇಳಿದರು. ಶಾಂತಿಯ ಉದ್ದೇಶಕ್ಕೆ ನಡೆಯುವ ಸಂಶೋಧನೆಗೂ ಗೋಪ್ಯತೆ ಬೇಕೇ? ಬ್ರಿಟನ್ನಿನಲ್ಲಿ ಗೋಪ್ಯತೆ ರಕ್ಷಣಾ ಕಾರ್ಯಕ್ಕೆ ಮಾತ್ರ ಸೀಮಿತವಲ್ಲವೇ?

ನೆಹರೂ ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು. ಈ ಎರಡನ್ನೂ, ಅಂದರೆ ಶಾಂತಿಯ ಬಳಕೆಯನ್ನೂ ರಕ್ಷಣೆಯ ಬಳಕೆಯನ್ನೂ, ಬೇರ್ಪಡಿಸುವುದು ಹೇಗೆಂಬುದು ತಮಗೆ ತಿಳಿಯದು ಎಂದುಬಿಟ್ಟರು. ಅಣುಶಕ್ತಿ ನಮಗೆ ಬೇಕಾಗಿರುವುದು ಶಾಂತಿಗಾಗಿಯೇ, ಆದರೆ ರಾಷ್ಟ್ರವೊಂದು ಅನಿವಾರ್ಯತೆಗೆ ಸಿಲುಕಿದಾಗ ಯಾರ ಸದ್ಭಾವನೆಯೂ ಅದನ್ನು ತಡೆಯಲಾರದು ಎಂಬ ಅರ್ಥದ ಮಾತನ್ನೂ ಅದೇ ಚರ್ಚೆಯಲ್ಲಿ ಆಡಿದರು. ಮಸೂದೆ ಅಂಗೀಕಾರವಾಯಿತು.

ಭಾರತದ ಅಣ್ವಸ್ತ್ರದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪೋಖ್ರಾನಿನ ಮರಳಿನಿಂದ ಶುರುಮಾಡುತ್ತಾರೆ, ಇಲ್ಲವೇ ಚೀನಾದ 1964ರ ಸ್ಫೋಟದಿಂದ. ನಮಗೆ ಅದು ಈ ಪ್ರಶ್ನೋತ್ತರದಿಂದಲೇ ಆರಂಭವಾಗುತ್ತದೆ ಎನಿಸುತ್ತದೆ. ಕೃಷ್ಣಮೂರ್ತಿ ರಾಯರು ಎಳೆಯಬೇಕೆಂದ ಗೆರೆಯನ್ನು ಯಾರೂ ಎಳೆಯಲಿಲ್ಲ. ಅದು ಇಲ್ಲದ ಜಾಗದಲ್ಲಿ ‘ಶಾಂತಿಯುತ’ ಎಂಬ ಒಂದು ವಿಶೇಷಣ ಬಂದು ಕುಳಿತುಕೊಂಡಿತು. ಇಂಗ್ಲಿಷ್ ಸಾಹಿತ್ಯವನ್ನು ಓದಿ, ಬಳಿಕ ಕೇಂದ್ರ ಸರ್ಕಾರದ ಟಿಪ್ಪಣಿಗಳನ್ನು ಬರೆಯುತ್ತ ವಯಸ್ಸು ಕಳೆಯುವ ನಮ್ಮಂಥವರಿಗೆ ವಿಶೇಷಣಗಳ ಮೇಲೆ ಸಹಜವಾಗಿಯೇ ಒಂದು ಗುಮಾನಿ ಇರುತ್ತದೆ. ನಾಮಪದಕ್ಕೆ ಹೊರಲಾಗದ ಭಾರವನ್ನು ವಿಶೇಷಣದ ಮೇಲೆ ಹೊರಿಸುವುದು ಆಡಳಿತ ಭಾಷೆಯ ಹಳೆಯ ಚಾಳಿ.

ನೆಹರೂ ಅವರ ತೊಡಕು ನಟನೆಯಲ್ಲ ಎಂಬುದನ್ನು ಒಪ್ಪಬೇಕು. ಅದು ಲೋಹದ ಗುಣದಲ್ಲೇ ಇದೆ. ಯುರೇನಿಯಮ್ಮನ್ನು ರಿಯಾಕ್ಟರಿನಲ್ಲಿ ಉರಿಸಿದಾಗ ಅದರ ಒಂದು ಅಂಶ ಪ್ಲುಟೋನಿಯಮ್ಮಾಗಿ ಮಾರ್ಪಡುತ್ತದೆ. ಉರಿದ ಕಡ್ಡಿಗಳನ್ನು ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಮ್ಮನ್ನು ಬೇರ್ಪಡಿಸಿದರೆ, ಅದೇ ವಸ್ತು ಮುಂದಿನ ರಿಯಾಕ್ಟರಿಗೆ ಇಂಧನವೂ ಆಗಬಹುದು, ಬಾಂಬಿನ ಗರ್ಭವೂ ಆಗಬಹುದು. ಎರಡಕ್ಕೂ ಬೇಕಾಗುವ ಕೈಚಳಕ ಒಂದೇ, ಪ್ರಯೋಗಶಾಲೆ ಒಂದೇ, ಎಷ್ಟೋ ವೇಳೆ ಮನುಷ್ಯರೂ ಅವರೇ. ಉದ್ದೇಶವೊಂದೇ ಬೇರೆ. ಉದ್ದೇಶವೆನ್ನುವುದು ಅಳತೆಗೆ ಸಿಗುವ ವಸ್ತುವಲ್ಲ.

ಹೋಮಿ ಭಾಭಾ ಇದನ್ನು ಎಲ್ಲರಿಗಿಂತ ಮೊದಲು ಅರಿತಿದ್ದರು. ಅವರ ಸಂಸ್ಥೆ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಮುಂಬಯಿಯ ಕನ್ನಡಿಗರು ಆಗಾಗ ಅಭಿಮಾನದಿಂದ ನೆನೆಯುವುದುಂಟು. ಯುದ್ಧದ ಕಾರಣ ಕೇಂಬ್ರಿಜಿಗೆ ಮರಳಲಾಗದೆ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಳಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಅಲ್ಲಿಯೇ ಕಣ್ತೆರೆದು, ಆ ವರ್ಷದ ಕೊನೆಗೆ ಮುಂಬಯಿಗೆ ಬಂತು. ಅದರ ನೆರವಿಗಾಗಿ ಭಾಭಾ ದೊರಾಬ್ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದದ್ದು 1944ರ ಮಾರ್ಚಿನಲ್ಲಿ, ಹಿರೋಶಿಮಾದ ಹೆಸರನ್ನು ಜಗತ್ತು ಕೇಳುವುದಕ್ಕೆ ಹದಿನೇಳು ತಿಂಗಳು ಮುಂಚೆ. 1948ರ ಆಗಸ್ಟಿನಲ್ಲಿ ಅಣುಶಕ್ತಿ ಆಯೋಗ ಬಂತು. 1954ರಲ್ಲಿ ಅಣುಶಕ್ತಿ ಇಲಾಖೆ. ಈ ಇಲಾಖೆ ನೇರ ಪ್ರಧಾನಿಯ ಅಧೀನ, ಅದರ ಕಾರ್ಯದರ್ಶಿಯ ಕಚೇರಿ ಮಾತ್ರ ಮುಂಬಯಿಯಲ್ಲಿ. ದೆಹಲಿಯ ಸಚಿವಾಲಯಗಳ ಕಾರಿಡಾರುಗಳಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರು ದೂರ. ಆಡಳಿತದ ಒಳಗಿನವರಿಗೆ ಮಾತ್ರ ಈ ದೂರದ ಬೆಲೆ ಅರ್ಥವಾಗುತ್ತದೆ.

1953ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ‘ಶಾಂತಿಗಾಗಿ ಅಣು’ ಎಂಬ ಯೋಜನೆಯನ್ನು ಘೋಷಿಸಿದ್ದರು. ಬಾಂಬಿನಿಂದ ಮುಖ ಕೆಡಿಸಿಕೊಂಡಿದ್ದ ಅಣುವಿಗೆ ಹೊಸ ಮುಖ ಬೇಕಾಗಿತ್ತು. ಬಡ ರಾಷ್ಟ್ರಗಳಿಗೆ ವಿದ್ಯುತ್ತು ಬೇಕಾಗಿತ್ತು. 1955ರಲ್ಲಿ ಜಿನೀವಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಭಾಭಾ ಅವರೇ ಅಧ್ಯಕ್ಷರು. ಅಲ್ಲಿಯವರೆಗೆ ರಹಸ್ಯವಾಗಿದ್ದ ಎಷ್ಟೋ ವಿಷಯಗಳು, ಪ್ಲುಟೋನಿಯಂ ಬೇರ್ಪಡಿಸುವ ರಸಾಯನ ವಿಧಾನವೂ ಸೇರಿ, ಅಲ್ಲಿ ಬಹಿರಂಗವಾದವು. ಮರುವರ್ಷ ಕೆನಡಾ ನಮಗೆ 40 ಮೆಗಾವಾಟಿನ ಸಂಶೋಧನಾ ರಿಯಾಕ್ಟರೊಂದನ್ನು ಕೊಡಲು ಒಪ್ಪಿತು. ಅದಕ್ಕೆ ಬೇಕಾದ ಭಾರಜಲವನ್ನು ಅಮೆರಿಕ ಕೊಟ್ಟಿತು. ಕೆನಡಾ, ಇಂಡಿಯಾ, ರಿಯಾಕ್ಟರ್, ಯು.ಎಸ್. ಎಂಬ ಪದಗಳ ಮೊದಲಕ್ಷರಗಳಿಂದ ಅದಕ್ಕೆ ‘ಸೈರಸ್’ ಎಂಬ ಹೆಸರು ಬಂತು. 1960ರ ಜುಲೈಯಲ್ಲಿ ಅದು ಚಾಲನೆಗೊಂಡಿತು. ಗೇಟ್‌ವೇಯಿಂದ ಘಾರಾಪುರಿಗೆ ದೋಣಿಯಲ್ಲಿ ಹೋಗುವಾಗ ಟ್ರಾಂಬೆಯ ದಂಡೆಯಲ್ಲಿ ಕಾಣುವ ಗುಮ್ಮಟಗಳಲ್ಲಿ ಒಂದು ಅದರದು. ಗುಹೆಯ ಮಹೇಶಮೂರ್ತಿಯನ್ನು ನೋಡಲು ಹೊರಟ ನಾವು ದಾರಿಯಲ್ಲಿ ಅದನ್ನೂ ನೋಡಿಯೇ ಹೋಗಿರುತ್ತೇವೆ, ಬಹುಮಟ್ಟಿಗೆ ಅದೇನೆಂದು ತಿಳಿಯದೆಯೇ.

ಒಪ್ಪಂದದಲ್ಲಿ ಇದ್ದ ಷರತ್ತು ಒಂದೇ: ಶಾಂತಿಯ ಉದ್ದೇಶಗಳಿಗೆ ಮಾತ್ರ. ಅದನ್ನು ಪರಿಶೀಲಿಸುವ ತಪಾಸಣಾಧಿಕಾರಿಗಳಿರಲಿಲ್ಲ. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಸ್ಥಾಪನೆಯಾದದ್ದೇ 1957ರಲ್ಲಿ. ನೈಸರ್ಗಿಕ ಯುರೇನಿಯಂ ಮತ್ತು ಭಾರಜಲದಿಂದ ನಡೆಯುವ ಈ ಬಗೆಯ ರಿಯಾಕ್ಟರು ವರ್ಷಕ್ಕೆ ಒಂಬತ್ತು ಹತ್ತು ಕಿಲೋದಷ್ಟು ಉತ್ತಮ ದರ್ಜೆಯ ಪ್ಲುಟೋನಿಯಮ್ಮನ್ನು ಹೆರಬಲ್ಲುದು ಎಂಬುದು ಕೊಟ್ಟವರಿಗೂ ಗೊತ್ತಿತ್ತು, ಪಡೆದವರಿಗೂ ಗೊತ್ತಿತ್ತು. 1964ರ ಹೊತ್ತಿಗೆ ಆ ಪ್ಲುಟೋನಿಯಮ್ಮನ್ನು ಬೇರ್ಪಡಿಸುವ ಸ್ಥಾವರವನ್ನು ನಮ್ಮವರೇ ಟ್ರಾಂಬೆಯಲ್ಲಿ ಕಟ್ಟಿದರು.

ಇದೇ ಕಾಲದಲ್ಲಿ ನೆಹರೂ ಜಗತ್ತಿನ ವೇದಿಕೆಯಲ್ಲಿ ಅಣುಪರೀಕ್ಷೆಗಳ ವಿರುದ್ಧ ಅತ್ಯಂತ ಸ್ಪಷ್ಟವಾಗಿ ಮಾತನಾಡುತ್ತಿದ್ದವರು ಎಂಬುದನ್ನು ಮರೆಯುವಂತಿಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬನ್ನು ಸಿಡಿಸಿದಾಗ ಅದರ ಬೂದಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಸುರಿಯಿತು. ಏಪ್ರಿಲ್ 2ರಂದು ಲೋಕಸಭೆಯಲ್ಲಿ ನೆಹರೂ ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದವಾಗಬೇಕೆಂದು ಕರೆಕೊಟ್ಟರು. ಅಂಥ ಕರೆ ಕೊಟ್ಟ ಮೊದಲ ಸರ್ಕಾರದ ಮುಖ್ಯಸ್ಥರಲ್ಲಿ ಅವರೊಬ್ಬರು. ಅದನ್ನು ಬೂಟಾಟಿಕೆಯೆಂದು ಕರೆಯುವವರ ಜೊತೆ ನಾವಿಲ್ಲ. ಬಾಗಿಲನ್ನು ಮುಚ್ಚದೆಯೂ ಒಳಗೆ ಹೋಗದೆಯೂ ಹೊಸ್ತಿಲ ಮೇಲೆ ನಿಂತ ಮನುಷ್ಯ ಅವರು. ಆದರೆ ಹೊಸ್ತಿಲ ಮೇಲೆ ಬಹುಕಾಲ ನಿಲ್ಲಲು ಬರುವುದಿಲ್ಲ. ಹಿಂದಿನಿಂದ ಬಂದವರು ತಳ್ಳುತ್ತಾರೆ.

ತಳ್ಳಿದ್ದು ಚೀನಾ. 1964ರ ಅಕ್ಟೋಬರ್ 16ರಂದು ಲೋಪ್ ನೋರಿನಲ್ಲಿ ಅದು ತನ್ನ ಮೊದಲ ಬಾಂಬನ್ನು ಸಿಡಿಸಿತು. 1962ರ ಗಾಯ ಇನ್ನೂ ಹಸಿಯಾಗಿತ್ತು. ನೆಹರೂ ತೀರಿಕೊಂಡು ಐದು ತಿಂಗಳಾಗಿತ್ತು. ಎಂಟು ದಿನಗಳ ನಂತರ ಭಾಭಾ ಆಕಾಶವಾಣಿಯಲ್ಲಿ ಮಾತಾಡಿದರು. ಭಾಷಣದ ವಿಷಯ ನಿಶ್ಶಸ್ತ್ರೀಕರಣ. ಆದರೆ ಕೇಳಿದವರ ಕಿವಿಯಲ್ಲಿ ಉಳಿದದ್ದು ಬೆಲೆಪಟ್ಟಿ: ಅಮೆರಿಕ ಪ್ರಕಟಿಸಿದ್ದ ಅಂಕಿಗಳ ಪ್ರಕಾರ 10 ಕಿಲೋಟನ್ನಿನ ಒಂದು ಸ್ಫೋಟಕ್ಕೆ 17.5 ಲಕ್ಷ ರೂಪಾಯಿ, ಐವತ್ತು ಬಾಂಬುಗಳ ದಾಸ್ತಾನಿಗೆ 10 ಕೋಟಿಯ ಒಳಗೆ. ರಿಯಾಕ್ಟರುಗಳ, ಸ್ಥಾವರಗಳ, ಹೊತ್ತೊಯ್ಯುವ ವಿಮಾನಗಳ ಖರ್ಚು ಆ ಲೆಕ್ಕದಲ್ಲಿರಲಿಲ್ಲ. ಮಾವಿನಹಣ್ಣಿನ ಬೆಲೆ ಹೇಳುವಾಗ ತೋಟದ ಬೆಲೆಯನ್ನು ಬಿಟ್ಟಂತೆ. ಲಾಲ್ ಬಹಾದ್ದೂರ್ ಶಾಸ್ತ್ರಿ ಬಾಂಬಿಗೆ ವಿರೋಧವಾಗಿದ್ದರು, ಪಕ್ಷದೊಳಗಿನ ಒತ್ತಡಕ್ಕೆ ಸುಲಭವಾಗಿ ಬಾಗಲಿಲ್ಲ. ಆದರೆ ನವೆಂಬರಿನಲ್ಲಿ ಲೋಕಸಭೆಯಲ್ಲಿ ಅವರ ಮಾತಿನ ಧಾಟಿ ಬದಲಾಯಿತು. ಬಾಂಬು ಬೇಡ, ಬೆಟ್ಟಗಳಲ್ಲಿ ಸುರಂಗ ತೋಡುವಂಥ ಶಾಂತಿಯ ಕೆಲಸಗಳಿಗೆ ಅಣುಸಾಧನಗಳನ್ನು ಬೆಳೆಸಬಹುದು.

ಈ ಕಲ್ಪನೆ ಶಾಸ್ತ್ರಿಯವರದ್ದೂ ಅಲ್ಲ, ಭಾಭಾ ಅವರದ್ದೂ ಅಲ್ಲ. ಕತ್ತಿಯನ್ನು ನೇಗಿಲಗುಳವಾಗಿಸುವ ಬೈಬಲಿನ ಚಿತ್ರದಿಂದ ‘ಪ್ಲೌಶೇರ್’ ಎಂಬ ಹೆಸರಿಟ್ಟುಕೊಂಡು ಅಮೆರಿಕ 1957ರಲ್ಲಿ ಒಂದು ಕಾರ್ಯಕ್ರಮವನ್ನೇ ಆರಂಭಿಸಿತ್ತು. ಬಂದರು ತೋಡಲು, ಕಾಲುವೆ ಅಗೆಯಲು, ನೆಲದೊಳಗಿನ ಅನಿಲವನ್ನು ಹೊರತೆಗೆಯಲು ಅಣುಸ್ಫೋಟ! 1962ರಲ್ಲಿ ನೆವಾಡಾ ಮರುಭೂಮಿಯಲ್ಲಿ ಅವರು ಹೀಗೆ ತೋಡಿದ ಗುಂಡಿ ಇಂದಿಗೂ ಇದೆ, ಸುಮಾರು 390 ಮೀಟರ್ ಅಗಲ, 100 ಮೀಟರ್ ಆಳ. ಇಂಥ 27 ಸ್ಫೋಟಗಳನ್ನು ಮಾಡಿ, ಯಾವ ಬಂದರನ್ನೂ ಕಟ್ಟದೆ, ಎಪ್ಪತ್ತರ ದಶಕದಲ್ಲಿ ಅವರು ಕಾರ್ಯಕ್ರಮವನ್ನು ಮುಚ್ಚಿದರು. ಸೋವಿಯತ್ ಒಕ್ಕೂಟ ನೂರಕ್ಕೂ ಹೆಚ್ಚು ಮಾಡಿತು. 1968ರ ಅಣ್ವಸ್ತ್ರ ಪ್ರಸರಣ ನಿಷೇಧ ಒಪ್ಪಂದದ ಐದನೆಯ ವಿಧಿಯೇ ‘ಶಾಂತಿಯುತ ಅಣುಸ್ಫೋಟ’ಗಳ ಪ್ರಯೋಜನವನ್ನು ಇತರ ರಾಷ್ಟ್ರಗಳಿಗೂ ಹಂಚುವುದಾಗಿ ಮಾತುಕೊಡುತ್ತದೆ. ಅಂದರೆ 1974ರಲ್ಲಿ ಭಾರತ ಬಳಸಿದ ಪದ ಅದರ ಸ್ವಂತ ಟಂಕಸಾಲೆಯದಲ್ಲ. ಆಮದಾದ ನಾಣ್ಯವನ್ನು ಅದೇ ವ್ಯಾಪಾರಿಗೆ ವಾಪಸು ಕೊಟ್ಟದ್ದು ಅಷ್ಟೆ. ಆ ಒಪ್ಪಂದವೋ, 1967ರ ಜನವರಿ 1ಕ್ಕೆ ಮುಂಚೆ ಸ್ಫೋಟ ಮಾಡಿದವರು ಮಾತ್ರ ಅಣ್ವಸ್ತ್ರ ರಾಷ್ಟ್ರಗಳು ಎಂದು ತಾರೀಖು ನೋಡಿ ಜಾತಿ ಗೊತ್ತುಮಾಡಿತು. ಭಾರತ ಸಹಿ ಹಾಕಲಿಲ್ಲ. ಅದರ ಹಿಂದಿನ ತರ್ಕವನ್ನು ಒಪ್ಪುವುದು ನಮಗೆ ಕಷ್ಟವಲ್ಲ.

1966ರ ಜನವರಿಯಲ್ಲಿ ಹದಿಮೂರು ದಿನಗಳ ಅಂತರದಲ್ಲಿ ಶಾಸ್ತ್ರಿ ತಾಷ್ಕೆಂಟಿನಲ್ಲಿ, ಭಾಭಾ ಮಾಂಟ್ ಬ್ಲಾಂಕಿನ ವಿಮಾನಾಪಘಾತದಲ್ಲಿ ತೀರಿಕೊಂಡರು. ಆಯೋಗದ ಅಧ್ಯಕ್ಷರಾಗಿ ಬಂದ ವಿಕ್ರಮ್ ಸಾರಾಭಾಯಿ ಅವರಿಗೆ ಈ ಹಾದಿಯಲ್ಲಿ ನಂಬಿಕೆಯಿರಲಿಲ್ಲ. ಅವರು ತಡೆದರು, ಪೂರ್ತಿ ನಿಲ್ಲಿಸಲಾಗಲಿಲ್ಲ. 1971ರ ಡಿಸೆಂಬರಿನಲ್ಲಿ ಅವರೂ ಹೋದರು. ಆಯೋಗ ಹೋಮಿ ಸೇಠ್ನಾ ಅವರ ಕೈಗೆ, ಭಾಭಾ ಅಣು ಸಂಶೋಧನಾ ಕೇಂದ್ರ ರಾಜಾ ರಾಮಣ್ಣ ಅವರ ಕೈಗೆ ಬಂತು.

ರಾಮಣ್ಣ ತುಮಕೂರಿನಲ್ಲಿ 1925ರಲ್ಲಿ ಹುಟ್ಟಿದವರು. ಬೆಂಗಳೂರು, ಮದರಾಸುಗಳಲ್ಲಿ ಓದಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, ಭಾಭಾ ಕರೆಗೆ ಓಗೊಟ್ಟು 1949ರಲ್ಲಿ ಮುಂಬಯಿಗೆ ಬಂದರು. ಪಿಯಾನೊ ಅವರ ಜೀವದ ಜೀವ. ಪಾಶ್ಚಾತ್ಯ ಸಂಗೀತವನ್ನೂ ರಾಗಪದ್ಧತಿಯನ್ನೂ ಹೋಲಿಸಿ ಪುಸ್ತಕ ಬರೆದವರು. ಕೊನೆಗಾಲದಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಮುಂಬಯಿಯ ಕನ್ನಡ ಸಂಘಗಳ ವೇದಿಕೆಗಳಲ್ಲಿ ‘ನಮ್ಮವರು’ ಎಂಬ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ, ಬರಬೇಕಾದ್ದೇ. ಆದರೆ ಅಭಿಮಾನದ ಮಾತಿನ ಜೊತೆಗೆ ಅವರು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿರುವುದನ್ನೂ ಓದುವುದು ಒಳ್ಳೆಯದು. ನಮಗೆ ಈ ಇತಿಹಾಸದಲ್ಲಿ ಅತ್ಯಂತ ಮುಖ್ಯವೆನಿಸುವ ದೃಶ್ಯ ಅಲ್ಲಿದೆ.

1972ರ ಮೇ 18ರಂದು ಟ್ರಾಂಬೆಯಲ್ಲಿ ‘ಪೂರ್ಣಿಮಾ’ ಎಂಬ ಪುಟ್ಟ ಪ್ಲುಟೋನಿಯಂ ರಿಯಾಕ್ಟರು ಚಾಲನೆಗೊಂಡಿತು; ಸ್ಫೋಟಕ್ಕೆ ಬೇಕಾದ ಲೆಕ್ಕಾಚಾರಗಳಿಗೆ ಅದು ನೆರವಾಯಿತು. ಆ ಸೆಪ್ಟೆಂಬರಿನಲ್ಲಿ ಇಂದಿರಾ ಗಾಂಧಿ ಟ್ರಾಂಬೆಗೆ ಬಂದಾಗ ವಿಜ್ಞಾನಿಗಳಿಗೆ ಬಾಯಿಮಾತಿನ ಒಪ್ಪಿಗೆ ಸಿಕ್ಕಿತು. ಕೆಲಸದಲ್ಲಿ ತೊಡಗಿದ್ದ ವಿಜ್ಞಾನಿಗಳು, ಎಂಜಿನಿಯರುಗಳು ಎಲ್ಲ ಸೇರಿ ಎಪ್ಪತ್ತೈದನ್ನು ಮೀರಿರಲಿಲ್ಲ. ಅಂತಿಮ ನಿರ್ಧಾರವಾದ ಸಭೆಯಲ್ಲಿ ಕುಳಿತವರು ಆರೇ ಮಂದಿ: ಪ್ರಧಾನಿ, ಅವರ ಸಲಹೆಗಾರ ಪಿ. ಎನ್. ಹಕ್ಸರ್, ಕಾರ್ಯದರ್ಶಿ ಪಿ. ಎನ್. ಧರ್, ಸೇಠ್ನಾ, ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರ ನಾಗ್ ಚೌಧುರಿ ಮತ್ತು ರಾಮಣ್ಣ. ಧರ್ ಆರ್ಥಿಕ ಪರಿಣಾಮಗಳನ್ನು ಎತ್ತಿ ವಿರೋಧಿಸಿದರು. ಹಕ್ಸರ್ ಕಾಲ ಪಕ್ವವಾಗಿಲ್ಲವೆಂದರು. ಈ ಹಂತದಲ್ಲಿ ಮುಂದೂಡಲಾಗದು ಎಂಬುದು ರಾಮಣ್ಣನವರ ನಿಲುವು. ಪ್ರಧಾನಿ ನಡೆಯಲಿ ಎಂದರು. ಸಚಿವ ಸಂಪುಟದಲ್ಲಿ ಚರ್ಚೆಯಿಲ್ಲ. ವಿದೇಶಾಂಗ ಸಚಿವ ಸ್ವರಣ್ ಸಿಂಗರಿಗೆ ತಿಳಿದದ್ದು ಎರಡು ದಿನ ಮುಂಚೆ. ರಕ್ಷಣಾ ಸಚಿವ ಜಗಜೀವನರಾಮರಿಗೆ ಸ್ಫೋಟವಾದ ಮೇಲೆ.

ಸರ್ಕಾರಿ ಕಚೇರಿಯಲ್ಲಿ ದುಡಿಯುವ ನಾವು ಇದನ್ನು ಓದಿದಾಗ ಮೊದಲು ನಗು ಬರುತ್ತದೆ. ನಮ್ಮಲ್ಲಿ ಹಳೆಯ ಕುರ್ಚಿಯೊಂದನ್ನು ವಿಲೇವಾರಿ ಮಾಡಬೇಕೆಂದರೆ ಕಡತ ಹುಟ್ಟಬೇಕು. ಕೆಳಗಿನ ಗುಮಾಸ್ತರು ಟಿಪ್ಪಣಿ ಬರೆದು, ಸೆಕ್ಷನ್ ಅಧಿಕಾರಿ ‘ಪರಿಶೀಲನೆಗಾಗಿ’ ಎಂದು ಮೇಲಕ್ಕೆ ತಳ್ಳಿ, ಹಣಕಾಸು ವಿಭಾಗ ಒಂದು ತಕರಾರು ತೆಗೆದು, ಅದಕ್ಕೆ ಸಮಜಾಯಿಷಿ ಹೋಗಿ, ಕೊನೆಗೊಂದು ದಿನ ಸಹಿಯಾಗಬೇಕು. ಈ ವಿಧಾನವನ್ನು ಬಯ್ಯದವರಿಲ್ಲ, ನಾವೂ ಬಯ್ಯುತ್ತೇವೆ. ಆದರೆ ಕಡತವೆಂಬುದರ ಮರ್ಮವೇ ಬೇರೆ. ಯಾರು ಬೇಡವೆಂದರು, ಯಾಕೆ ಬೇಡವೆಂದರು, ಆ ಬೇಡವನ್ನು ಯಾರು ಯಾವ ಕಾರಣಕ್ಕೆ ತಳ್ಳಿಹಾಕಿದರು ಎಂಬುದು ಹಸಿರು ಹಾಳೆಯ ಮೇಲೆ ಉಳಿಯುತ್ತದೆ. ನಾಳೆ ಬಂದವನು ಓದುತ್ತಾನೆ. ಧರ್ ಮತ್ತು ಹಕ್ಸರ್ ಅವರ ಆಕ್ಷೇಪಗಳು ನಮಗಿಂದು ತಿಳಿದಿರುವುದು ಕೆಲವರು ಮುಪ್ಪಿನಲ್ಲಿ ಆತ್ಮಕಥೆ ಬರೆದ ಕಾರಣಕ್ಕೆ. ಕುರ್ಚಿಗೆ ಇರುವ ಕಾಗದದ ಆಧಾರ ಬಾಂಬಿಗೆ ಇಲ್ಲ. ನಗು ಅಲ್ಲಿಗೆ ನಿಲ್ಲುತ್ತದೆ. ಆರು ಜನರಲ್ಲಿ ಚುನಾಯಿತರಾದವರು ಒಬ್ಬರೇ ಎಂಬುದನ್ನೂ ಗಮನಿಸಬೇಕು. 1948ರಲ್ಲಿ ಗೋಪ್ಯತೆಗೆ ಗೆರೆ ಎಳೆದಿದ್ದರೆ ಬಾಂಬು ಹುಟ್ಟುತ್ತಲೇ ಇರಲಿಲ್ಲ ಎಂದು ನಾವು ಹೇಳಲಾರೆವು. ಹುಟ್ಟುವ ಮುನ್ನ ಅದನ್ನು ಕುರಿತು ಸದನವೊಂದು ವಾದ ಮಾಡುತ್ತಿತ್ತು, ಅಷ್ಟನ್ನಂತೂ ಹೇಳಬಹುದು.

ಜಾರ್ಜ್ ಆರ್ವೆಲ್ 1945ರ ಅಕ್ಟೋಬರಿನಲ್ಲಿ ಬರೆದ ಒಂದು ಪುಟ್ಟ ಲೇಖನ ಇಲ್ಲಿ ನೆನಪಾಗುತ್ತದೆ. ‘ಶೀತಲ ಸಮರ’ ಎಂಬ ಪದವನ್ನು ಇಂದಿನ ಅರ್ಥದಲ್ಲಿ ಬಳಸಿದ ಮೊದಲಿಗರಲ್ಲಿ ಅವರೊಬ್ಬರು, ಅದೂ ಆ ಲೇಖನದಲ್ಲೇ. ಅಗ್ಗದ, ಸರಳ ಆಯುಧಗಳ ಕಾಲ ಜನರ ಕಾಲ. ದುಬಾರಿಯಾದ, ಕೆಲವರಷ್ಟೇ ತಯಾರಿಸಬಲ್ಲ ಆಯುಧ ಪ್ರಭುತ್ವವನ್ನು ಬಲಪಡಿಸುತ್ತದೆ ಎಂಬುದು ಅವರ ವಾದದ ತಿರುಳು. ಹಿರೋಶಿಮಾ ಆಗಿ ಎರಡೂವರೆ ತಿಂಗಳಲ್ಲೇ ಇಷ್ಟು ದೂರ ಕಂಡ ಕಣ್ಣು ಸಾಮಾನ್ಯವಲ್ಲ.

ಪೋಖ್ರಾನಿನಲ್ಲಿ ಬಾವಿ ತೋಡಿದವರು ಜೋಧಪುರದ 61ನೆಯ ಎಂಜಿನಿಯರ್ ರೆಜಿಮೆಂಟಿನ ಸೈನಿಕರು. ಸೇನೆಯಲ್ಲಿ ವಿಷಯ ತಿಳಿದವರು ಬೆರಳೆಣಿಕೆಯಷ್ಟು. ಹೆಸರು ಕೇಳಿದೊಡನೆ ನಮ್ಮವರಿಗೆ ಬಾಗಲಕೋಟೆಯ ಬೇವೂರು ನೆನಪಾಗುವ ಭೂಸೇನಾ ಮುಖ್ಯಸ್ಥ ಜನರಲ್ ಬೇವೂರ್ ಅವರಲ್ಲೊಬ್ಬರು. ಸುಮಾರು ಆರು ಕಿಲೋ ಪ್ಲುಟೋನಿಯಂ ಇದ್ದ, 1,400 ಕಿಲೋ ತೂಗುತ್ತಿದ್ದ ಸಾಧನವನ್ನು 107 ಮೀಟರ್ ಆಳಕ್ಕೆ ಇಳಿಸಿದರು. 1974ರ ಮೇ 18, ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನಿಗದಿಯಾಗಿದ್ದ ಸ್ಫೋಟ ಐದು ನಿಮಿಷ ತಡವಾಯಿತು. ಕೊನೆಯ ತಪಾಸಣೆಗೆ ಹೋಗಿದ್ದ ಎಂಜಿನಿಯರರ ಜೀಪು ಸ್ಟಾರ್ಟ್ ಆಗದೆ, ಅವರು ನಡೆದು ಬಂದದ್ದು ಕಾರಣ. ಪ್ರಣಬ್ ದಸ್ತಿದಾರ್ ಗುಂಡಿ ಒತ್ತಿದರು. 8 ಗಂಟೆ 5 ನಿಮಿಷಕ್ಕೆ ಮರಳ ದಿಬ್ಬವೊಂದು ಎದ್ದು ಕುಸಿಯಿತು.

‘ಬುದ್ಧ ನಕ್ಕ’ ಎಂಬ ಸಂಕೇತದ ಮಾತು ಎಲ್ಲರಿಗೂ ಗೊತ್ತು. ಅಂದು ಬುದ್ಧಪೂರ್ಣಿಮೆಯಾಗಿತ್ತು ಎಂದು ಎಷ್ಟೋ ಪುಸ್ತಕಗಳಲ್ಲಿ ಓದುತ್ತೇವೆ. ಪಂಚಾಂಗ ಹಾಗೆ ಹೇಳುವುದಿಲ್ಲ. 1974ರಲ್ಲಿ ವೈಶಾಖ ಹುಣ್ಣಿಮೆ ಮೇ 6ರಂದು ಆಗಿಹೋಗಿತ್ತು. ಮೇ 18 ಕೃಷ್ಣಪಕ್ಷದ ಕೊನೆಯ ದಿನಗಳಲ್ಲಿ ಒಂದು, ಅಮಾವಾಸ್ಯೆಗೆ ಹತ್ತಿರ. ನಿಜವಾಗಿ ಬುದ್ಧಪೂರ್ಣಿಮೆಯಂದು ನಡೆದದ್ದು 1998ರ ಮೇ 11ರ ಪರೀಕ್ಷೆ. ಆದರೂ ಹುಣ್ಣಿಮೆಯ ಕಥೆ ಹೋಗುವುದಿಲ್ಲ. ‘ಶಾಂತಿಯುತ’ ಎಂಬ ವಿಶೇಷಣಕ್ಕೆ ಬುದ್ಧನ ಮುಖವೇ ಒಪ್ಪುವ ಅಲಂಕಾರವಾದ್ದರಿಂದ, ಚಂದ್ರನನ್ನೂ ಹನ್ನೆರಡು ದಿನ ಹಿಡಿದು ನಿಲ್ಲಿಸಲಾಗಿದೆ.

ಆಯೋಗದ ಪ್ರಕಟಣೆ ಇದನ್ನು ಶಾಂತಿಯುತ ಅಣುಸ್ಫೋಟ ಪ್ರಯೋಗವೆಂದು ಕರೆಯಿತು. ಗಣಿಗಾರಿಕೆ, ಮಣ್ಣು ಸರಿಸುವ ಕಾಮಗಾರಿಗಳಲ್ಲಿ ಈ ತಂತ್ರದ ಬಳಕೆಯನ್ನು ಅರಿಯುವುದು ಉದ್ದೇಶ. ಅಣ್ವಸ್ತ್ರ ತಯಾರಿಸುವ ಇರಾದೆ ಭಾರತಕ್ಕಿಲ್ಲ ಎಂದಿತು. ಆ ಹೊತ್ತಿಗೆ ದೇಶದಲ್ಲಿ ರೈಲುಗಳೇ ಓಡುತ್ತಿರಲಿಲ್ಲ. ಮೇ 8ರಿಂದ ಸುಮಾರು 17 ಲಕ್ಷ ರೈಲ್ವೆ ನೌಕರರು ಮುಷ್ಕರದಲ್ಲಿದ್ದರು. ಅವರ ನಾಯಕ ಜಾರ್ಜ್ ಫರ್ನಾಂಡಿಸ್ ಮುಷ್ಕರ ಶುರುವಾಗುವ ಮೊದಲೇ ಬಂಧನಕ್ಕೊಳಗಾಗಿ ಜೈಲಿನಲ್ಲಿದ್ದರು. ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನ ಸೆಮಿನರಿಯಿಂದ ಹೊರಬಿದ್ದು, 1949ರಲ್ಲಿ ಕೈಯಲ್ಲಿ ಕಾಸಿಲ್ಲದೆ ಮುಂಬಯಿಗೆ ಬಂದು, ಟ್ಯಾಕ್ಸಿಯವರ, ಪಾಲಿಕೆಯ ಕಾರ್ಮಿಕರ ನಾಯಕನಾಗಿ ಬೆಳೆದ ಈ ಮನುಷ್ಯನನ್ನು ಮುಂಬಯಿಯ ಹಿರಿಯ ಕನ್ನಡಿಗರು ಇನ್ನೂ ‘ಜಾರ್ಜ್’ ಎಂದೇ ಕರೆಯುತ್ತಾರೆ. ಬಿಹಾರದಲ್ಲಿ ಜಯಪ್ರಕಾಶರ ಚಳವಳಿ, ಎಲ್ಲೆಡೆ ಬೆಲೆಯೇರಿಕೆ, ಧಾನ್ಯದ ಅಭಾವ. ಮುಷ್ಕರವನ್ನು ಮರೆಸಲೆಂದೇ ಬಾಂಬು ಸಿಡಿಸಿದರು ಎಂಬ ಆರೋಪವನ್ನು ದಿನಾಂಕಗಳು ಒಪ್ಪುವುದಿಲ್ಲ. ಬಾವಿ ತೋಡುವ ಕೆಲಸ ಬಹಳ ಮುಂಚೆಯೇ ನಡೆದಿತ್ತು. ಆದರೆ ಮುಷ್ಕರ ಮುಖಪುಟದಿಂದ ಕೆಳಗಿಳಿದದ್ದು ಸುಳ್ಳಲ್ಲ. ಮೇ 27ರಂದು ಅದು ಮುರಿದುಬಿತ್ತು. ಮರುವರ್ಷ ಸೇಠ್ನಾ, ರಾಮಣ್ಣ, ನಾಗ್ ಚೌಧುರಿ ಮೂವರಿಗೂ ಪದ್ಮವಿಭೂಷಣ ಬಂತು.

ವಿಶೇಷಣವನ್ನು ಹೊರಗಿನವರು ಯಾರೂ ನಂಬಲಿಲ್ಲ. ಕೆನಡಾದ ಪ್ರಧಾನಿ ಟ್ರುಡೊ 1971ರಲ್ಲೇ ಪತ್ರ ಬರೆದು, ತಾವು ಕೊಟ್ಟ ಸಾಮಗ್ರಿಯಿಂದ ಸ್ಫೋಟ ನಡೆಸಿದರೆ ಸಂಬಂಧವನ್ನು ಮರುಪರಿಶೀಲಿಸಬೇಕಾಗುತ್ತದೆಂದು ಎಚ್ಚರಿಸಿದ್ದರು. ಕೆಲವೇ ದಿನಗಳಲ್ಲಿ ಅವರು ಅಣುಸಹಕಾರವನ್ನು ನಿಲ್ಲಿಸಿದರು. 1976ರಲ್ಲಿ ಪೂರ್ತಿ ಕಡಿದುಕೊಂಡರು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಅವರ ನೆರವಿನಿಂದ ಕಟ್ಟುತ್ತಿದ್ದ ಎರಡನೆಯ ಘಟಕ ಅರ್ಧಕ್ಕೆ ನಿಂತು, ನಮ್ಮವರೇ ಮುಗಿಸಿ ಅದು ವಾಣಿಜ್ಯ ಉತ್ಪಾದನೆಗೆ ತೊಡಗಿದ್ದು 1981ರಲ್ಲಿ. ಅಣುಸಾಮಗ್ರಿ ಪೂರೈಸುವ ರಾಷ್ಟ್ರಗಳು ಲಂಡನ್ನಿನಲ್ಲಿ ಸೇರಿ, ಇನ್ನೊಂದು ಪೋಖ್ರಾನ್ ಆಗದಂತೆ ತಮ್ಮದೊಂದು ಕೂಟ ಕಟ್ಟಿಕೊಂಡವು. ಶಾಂತಿಯುತವೆಂದು ಕರೆದ ಸ್ಫೋಟದಿಂದ ಪೆಟ್ಟು ತಿಂದದ್ದು ನಿಜವಾದ ಶಾಂತಿಯುತ ಕಾರ್ಯಕ್ರಮ, ವಿದ್ಯುತ್ತಿನದು. ಪಾಕಿಸ್ತಾನದ ಭುಟ್ಟೊ ಆ ಹಾದಿಯನ್ನು 1972ರಲ್ಲೇ ಹಿಡಿದಿದ್ದರು. ಈಗ ಅವರಿಗೆ ಯಾರಿಗೂ ವಿವರಣೆ ಕೊಡುವ ಅಗತ್ಯ ಉಳಿಯಲಿಲ್ಲ. ಅದೇ ವರ್ಷ ಹಾಲೆಂಡಿನಲ್ಲಿ ಕೆಲಸಕ್ಕಿದ್ದ ಎ. ಕ್ಯೂ. ಖಾನ್ ಎಂಬ ಲೋಹಶಾಸ್ತ್ರಜ್ಞ ಅವರಿಗೆ ಕಾಗದ ಬರೆದ.

ನಮ್ಮ ದೇಶದೊಳಗೆ ಮಾತ್ರ ಆ ವಿಶೇಷಣ ಇಪ್ಪತ್ತನಾಲ್ಕು ವರ್ಷ ಬಾಳಿತು. ದೇವೇಗೌಡರು ಪ್ರಧಾನಿಯಾಗಿದ್ದ 1996ರಲ್ಲಿ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ ಸೆಪ್ಟೆಂಬರ್ 10ರಂದು ವಿಶ್ವಸಂಸ್ಥೆಯಲ್ಲಿ ಮತಕ್ಕೆ ಬಂದಾಗ 158 ರಾಷ್ಟ್ರಗಳು ಪರವಾಗಿದ್ದವು. ವಿರೋಧಿಸಿದ ಮೂರರಲ್ಲಿ ಭಾರತ ಒಂದು, ಉಳಿದವು ಭೂತಾನ್ ಮತ್ತು ಲಿಬಿಯಾ. ಪರೀಕ್ಷೆಗಳನ್ನು ನಿಲ್ಲಿಸಿರೆಂದು 1954ರಲ್ಲಿ ಕೂಗಿದ ದೇಶ ಅದು. ಆದರೆ ತಮ್ಮ ದಾಸ್ತಾನು ಕರಗಿಸುವ ಕಾಲಮಿತಿಯನ್ನು ಒಪ್ಪದವರು ತಂದ ಒಪ್ಪಂದ ಇದು ಎಂಬ ಭಾರತದ ಆಕ್ಷೇಪ ಪೊಳ್ಳಾಗಿರಲಿಲ್ಲ. ಮರುವರ್ಷ, 1997ರಲ್ಲಿ, ರಾಮಣ್ಣನವರೇ ಸುದ್ದಿಸಂಸ್ಥೆಯೊಂದಕ್ಕೆ ನೇರವಾಗಿ ಹೇಳಿದರು: ಪೋಖ್ರಾನಿನದು ಬಾಂಬೇ, ಮನುಷ್ಯನಿಗೆ ಹೊಡೆದರೂ ನೆಲಕ್ಕೆ ಹೊಡೆದರೂ ಬಂದೂಕು ಬಂದೂಕೇ. ತುಮಕೂರಿನವರ ಈ ನೇರಮಾತು ನಮಗೆ ಅವರ ಯಾವ ಪ್ರಶಸ್ತಿಗಿಂತಲೂ ಹೆಚ್ಚು ಪ್ರಿಯವಾದುದು. ಅದು ಇಪ್ಪತ್ತಮೂರು ವರ್ಷ ತಡವಾಗಿ ಬಂತು ಎಂಬುದನ್ನೂ ಹೇಳಲೇಬೇಕು.

1998ರ ಮೇ 11 ಮತ್ತು 13ರಂದು ವಾಜಪೇಯಿ ಸರ್ಕಾರ ಐದು ಸ್ಫೋಟಗಳನ್ನು ನಡೆಸಿದಾಗ ಯಾವ ವಿಶೇಷಣವೂ ಇರಲಿಲ್ಲ. ಬಾಂಬನ್ನು ಬಾಂಬೆಂದೇ ಕರೆದರು. ಆಗಿನ ರಕ್ಷಣಾ ಸಚಿವರು ಜಾರ್ಜ್ ಫರ್ನಾಂಡಿಸ್. ದಶಕಗಳ ಕಾಲ ಬಾಂಬಿನ ವಿರೋಧಿಯಾಗಿ ಮಾತನಾಡಿದ, ಮೊದಲ ಪೋಖ್ರಾನಿನ ದಿನ ಕಂಬಿಯ ಹಿಂದಿದ್ದ ಮನುಷ್ಯ ಎರಡನೆಯದರ ಹೊತ್ತಿಗೆ ಅದರ ವಕ್ತಾರ. ಇದನ್ನು ವ್ಯಕ್ತಿಯೊಬ್ಬನ ಚಂಚಲತೆಯೆಂದು ತಳ್ಳಿಹಾಕಲು ನಮಗೆ ಮನಸ್ಸಾಗುವುದಿಲ್ಲ. ಅಧಿಕಾರದ ಹೊರಗಿದ್ದಾಗ ಕೇಳಬಹುದಾದ ಪ್ರಶ್ನೆಯನ್ನು ಒಳಗೆ ಹೋದ ಮೇಲೆ ಕೇಳಲಾಗದಂತೆ ಮಾಡುವ ಏನೋ ಆ ಆಯುಧದಲ್ಲಿದೆ. ಆ ತಿಂಗಳ ಕೊನೆಗೆ ಪಾಕಿಸ್ತಾನ ಚಾಗೈಯಲ್ಲಿ ಉತ್ತರ ಕೊಟ್ಟಿತು. ಪೋಖ್ರಾನಿನ ಸಮೀಪದ ಖೇತೋಲಾಯಿ ಗ್ರಾಮದವರು ಮನೆ, ನೀರಿನ ತೊಟ್ಟಿಗಳು ಬಿರುಕುಬಿಟ್ಟುದರ ಬಗ್ಗೆ, ಜನರ ಮತ್ತು ದನಕರುಗಳ ಕಾಯಿಲೆಯ ಬಗ್ಗೆ ವರ್ಷಗಟ್ಟಲೆ ದೂರುತ್ತ ಬಂದರು. ಗೋಪ್ಯತೆಯ ಕಾನೂನಿನ ಕೆಳಗೆ ಅವರ ಕೈಗೆ ಸಿಗುವ ಕಾಗದವೆಷ್ಟು?

ಕೃಷ್ಣಮೂರ್ತಿ ರಾಯರು ಕೇಳಿದ ಗೆರೆ ಕೊನೆಗೂ ಎಳೆಯಲ್ಪಟ್ಟಿತು. 2005ರ ಜುಲೈಯಲ್ಲಿ ಮನಮೋಹನ್ ಸಿಂಗ್ ಮತ್ತು ಜಾರ್ಜ್ ಬುಷ್ ಅಣುಸಹಕಾರದ ಜಂಟಿ ಹೇಳಿಕೆಗೆ ಒಪ್ಪಿದಾಗ, ನಾಗರಿಕ ಯಾವುದು, ಸೈನಿಕ ಯಾವುದು ಎಂದು ಬೇರ್ಪಡಿಸಿ ತೋರಿಸಬೇಕೆಂಬುದು ಅದರ ಷರತ್ತಾಗಿತ್ತು. 2006ರ ಮಾರ್ಚಿನಲ್ಲಿ ಪಟ್ಟಿ ಸಿದ್ಧವಾಗಿ ಸಂಸತ್ತಿನ ಮುಂದೆ ಬಂತು: 22 ವಿದ್ಯುತ್ ರಿಯಾಕ್ಟರುಗಳಲ್ಲಿ 14 ನಾಗರಿಕ, ಅವಕ್ಕೆ ಅಂತರರಾಷ್ಟ್ರೀಯ ತಪಾಸಣೆ, ಉಳಿದವು ಈಚೆಗೆ. ಬೇರ್ಪಡಿಸುವುದು ಹೇಗೆಂದು ತಿಳಿಯದು ಎಂದ ಪ್ರಧಾನಿಯ ಉತ್ತರಕ್ಕೂ, ಹೀಗೆ ಬೇರ್ಪಡಿಸಿದ್ದೇವೆ ಎಂಬ ಈ ಕಾಗದಕ್ಕೂ ನಡುವೆ ಐವತ್ತೆಂಟು ವರ್ಷ. ನಮ್ಮದೇ ಸಭೆಯ ಸದಸ್ಯರು ಕೇಳಿದಾಗ ಅಸಾಧ್ಯವಾಗಿದ್ದ ಕೆಲಸ ವಾಷಿಂಗ್ಟನ್ ಕೇಳಿದಾಗ ಏಳೆಂಟು ತಿಂಗಳಲ್ಲಿ ಆಯಿತು. 1974ರ ಕಾರಣಕ್ಕಾಗಿ ಹುಟ್ಟಿದ್ದ ಪೂರೈಕೆದಾರರ ಕೂಟ 2008ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ವಿನಾಯಿತಿ ಕೊಟ್ಟಿತು.

ಆ ಪಟ್ಟಿಯ ಯಾವ ಬದಿಗೂ ಸೇರಿಸಲು ಬಾರದ ಒಂದು ರಿಯಾಕ್ಟರಿತ್ತು. ಕೆನಡಾ ಕೊಟ್ಟದ್ದಾದ್ದರಿಂದ ಅದನ್ನು ಸೈನಿಕವೆನ್ನುವಂತಿರಲಿಲ್ಲ. ಮಾಡಿದ ಕೆಲಸ ಎಲ್ಲರಿಗೂ ಗೊತ್ತಿದ್ದರಿಂದ ನಾಗರಿಕವೆಂದು ತಪಾಸಣೆಗೆ ತೆರೆಯುವ ಮನಸ್ಸೂ ಇರಲಿಲ್ಲ. ಕೆಲವೇ ವರ್ಷಗಳ ಹಿಂದೆ ಹಣ ಸುರಿದು ದುರಸ್ತಿ ಮಾಡಿ ಮತ್ತೆ ಚಾಲನೆಗೊಳಿಸಿದ್ದ ಸೈರಸನ್ನು 2010ರ ಡಿಸೆಂಬರ್ 31ರಂದು ಶಾಶ್ವತವಾಗಿ ನಿಲ್ಲಿಸಲಾಯಿತು.